ಎರಡು ರೈಟ್ ಇರುವ ಸೀರೆಗಳು

ಅನುಮಾನಪಡುವುದಕ್ಕೇ ಸಂಬಳ ಕೊಡುವ ಕೆಲಸ ಲೋಕದಲ್ಲಿ ಹೆಚ್ಚಿಲ್ಲ. ಶಾಂತಮೂರ್ತಿಗೆ ಅಂಥದೊಂದು ಸಿಕ್ಕಿತ್ತು. ಕೊಳ್ಳೇಗಾಲದ ರೇಷ್ಮೆ ನೇಕಾರರ ಸಂಘವೊಂದರಲ್ಲಿ, ನೇಕಾರರು ತಂದ ಸೀರೆಯನ್ನು ಉದ್ದ ಮೇಜಿನ ಮೇಲೆ ಹರಡಿ, ಎಳೆ ತಪ್ಪಿದೆಯೇ, ಅಂಚು ಸೊಟ್ಟಗಿದೆಯೇ, ಜರಿ ಮಂಕಾಗಿದೆಯೇ ಎಂದು ನೋಡಬೇಕು. ಸರಿಯಿದ್ದರೆ ಸೀರೆಗೆ ಕಟ್ಟಿದ ಚೀಟಿಯ ಮೇಲೆ ಒಂದು ರೈಟ್ ಮಾರ್ಕ್ ಹಾಕಬೇಕು. ಅಲ್ಲಿಗೆ ಕೆಲಸ ಮುಗಿಯಿತು. ಬೇರೆ ಯಾರೇ ಆಗಿದ್ದರೂ ಮುಗಿಯುತ್ತಿತ್ತು.

ಶಾಂತಮೂರ್ತಿಗೆ ಮುಗಿಯುತ್ತಿರಲಿಲ್ಲ. ಮನೆಯಿಂದ ಹೊರಟು ಅರ್ಧ ದಾರಿ ಬಂದ ಮೇಲೆ ಬೀಗದ ನೆನಪಾಗಿ ವಾಪಸು ಓಡುವ ಜಾತಿಯ ಮನುಷ್ಯ ಅವನು. ಹೆಂಡತಿ ಮಧುಶ್ರೀ ಒಳಗೇ ಇದ್ದಾಳೆ, ತಾನು ಬೀಗವನ್ನೇ ಹಾಕಿಲ್ಲ ಎಂಬುದು ಬಾಗಿಲ ಮುಂದೆ ನಿಂತಾಗ ಹೊಳೆದದ್ದೂ ಉಂಟು. ಹಾಗಾಗಿ ಯಾವ ಸೀರೆಯ ಬಗ್ಗೆ ಮನಸ್ಸು ಹಿಂಜರಿಯಿತೋ, ಅದರ ಸೆರಗಿನ ಮಡಿಕೆಯಲ್ಲಿ ಒಂದು ಪುಟ್ಟ ಕಾಗದದ ಚೂರು ಇಡುತ್ತಿದ್ದ. ಚೂರಿನ ಮೇಲೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ. ಮಾರನೆಯ ದಿನ ಆ ಸೀರೆಯನ್ನು ಇನ್ನೊಮ್ಮೆ ನೋಡಿ, ಚೂರನ್ನು ತೆಗೆದು ಬಿಸಾಡಿ, ಚೀಟಿಯ ಮೇಲೆ ಇನ್ನೊಂದು ರೈಟ್ ಹಾಕಿ, ನಂತರವೇ ಕವರಿಗೆ ಸೇರಿಸುತ್ತಿದ್ದ. ಹೀಗೆ ಮಾಡು ಎಂದು ಸಂಘ ಅವನಿಗೆ ಹೇಳಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ.

ಜೂನ್ ತಿಂಗಳ ಮೊದಲ ಸೋಮವಾರ ಸಂಘದ ಕಾರ್ಯದರ್ಶಿ ಶಿವಕುಮಾರಸ್ವಾಮಿ ಒಂಬತ್ತು ಸೀರೆಗಳನ್ನು ಅದೇ ಮೇಜಿನ ಮೇಲೆ ತಂದು ಹಾಕಿದರು. ಹನೂರಿನ ಮಳಿಗೆಯಿಂದ ನಾಲ್ಕು, ಯಳಂದೂರಿನಿಂದ ಮೂರು, ಕೊಳ್ಳೇಗಾಲದ ಮಳಿಗೆಯಿಂದ ಎರಡು ವಾಪಸು ಬಂದಿದ್ದವು. ಒಂಬತ್ತರ ಸೆರಗಿನಲ್ಲೂ ಉಗುರಿನಷ್ಟಗಲ ಕಲೆ. ಹಳದಿ ಸೀರೆಯಲ್ಲಿ ಅದು ಕಂದಾಗಿ ಕಾಣುತ್ತಿತ್ತು, ಕೆಂಪಿನಲ್ಲಿ ಕಪ್ಪಾಗಿ, ಹಸಿರಿನಲ್ಲಿ ಮಸಿಯಂತೆ. ದೂರು ಬರೆದ ಒಬ್ಬೊಬ್ಬ ಹೆಣ್ಣುಮಗಳೂ ಒಂದೊಂದು ಬಣ್ಣ ಹೇಳಿದ್ದಳು.

"ಬಣ್ಣ ಬಿಟ್ಟಿರೋದು ಕಣ್ರಿ. ಒಂಬತ್ತರಲ್ಲಿ ಐದು ಆ ಮಧುವನಹಳ್ಳಿ ಕುಸುಮನ ಮಗ್ಗದವು" ಎಂದರು ಕಾರ್ಯದರ್ಶಿ. "ಮೂರೂ ಮಳಿಗೇಲಿ ಇನ್ನೂ ನೂರನಲವತ್ತು ಸೀರೆ ಅವೆ. ಅದ್ರಲ್ಲಿ ಯಾವ್ಯಾವುದನ್ನ ವಾಪಸ್ ತೆಗೀಬೇಕು ಅಂತ ಒಂದೇ ಮಾತಲ್ಲಿ ಹೇಳಿ."

"ಎಲ್ಲಾನೂ ಬಿಚ್ಚಿ ನೋಡಬಹುದಲ್ವಾ ಸಾರ್?"

"ಮದುವೆ ಸೀಸನ್ನಲ್ಲಿ ನೂರನಲವತ್ತು ಕವರ್ ಬಿಚ್ಚಿ, ತಿರುಗ ಮಡಚಿ, ಇಸ್ತ್ರಿ ಹೊಡ್ಸಿ! ಬಿಚ್ಚುದ್ರೂ ಏನ್ರಿ ಉಪಯೋಗ, ಈ ಕಲೆ ಮಳೆ ತೇವಕ್ಕೆ ನಿಧಾನಕ್ಕೆ ಏಳ್ತದಂತೆ. ಇವತ್ತಿಲ್ಲದ್ದು ನಾಳೆ ಬತ್ತದೆ. ಚೀಟಿ ನೋಡಿ ತೆಗೆಯೋ ಹಂಗೆ ಒಂದ್ ಮಾತು ಬೇಕು ನಂಗೆ. ಶುಕ್ರವಾರದೊಳಗೆ ಸಿಗದಿದ್ರೆ 'ಕುಸುಮನ ಮಗ್ಗದವು' ಅಂತಲೇ ಕಳಿಸ್ತೀನಿ. ಅವತ್ತು ಹಾಸು ಹಂಚೋ ದಿನ. ಅವಳಿಗೆ ಈ ಸಲ ಹಾಸಿಲ್ಲ."

ಹಾಸು ಎಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಯ ನೂಲು. ಅದನ್ನು ಸಂಘವೇ ಕೊಡಬೇಕು. ಹಾಸಿಲ್ಲದ ಮಗ್ಗ ಮನೆಯ ಮೂಲೆಯ ಮರದ ಸಾಮಾನು. ಒಮ್ಮೆ ಹಾಸು ತಪ್ಪಿದವರನ್ನು ಸಂಘ ಮರಳಿ ಕರೆದದ್ದನ್ನು ಶಾಂತಮೂರ್ತಿ ಕಂಡಿರಲಿಲ್ಲ. ಮತ್ತೆ, 'ಕುಸುಮನ ಮಗ್ಗದವು' ಎಂಬ ಮಾತು ಚಿಕ್ಕದೇನೋ ಹೌದು, ಆದರೆ ತಪ್ಪು. ಕೆಟ್ಟ ಒಂಬತ್ತರಲ್ಲಿ ನಾಲ್ಕು ಅದರಿಂದ ಹೊರಗುಳಿಯುತ್ತವೆ. ಮಳಿಗೆಗಳಲ್ಲಿರುವ, ಯಾವ ದೂರೂ ಬರದ ಹದಿನಾಲ್ಕು ಒಳಗೆ ಬರುತ್ತವೆ.

ಈ ಲೆಕ್ಕಾಚಾರ ಅವನಿಗೆ ಬಂದದ್ದು ಸಂಜೆ ಕಾಲೇಜಿನಿಂದ. ಹಗಲೆಲ್ಲ ಸೀರೆ ಮಡಚಿ ಸಂಜೆ ಬೆಂಚಿನ ಮೇಲೆ ತೂಕಡಿಸುತ್ತ ಆರು ವರ್ಷಕ್ಕೆ ಬಿ.ಎ. ಮುಗಿಸಿದವನು. ಅಲ್ಲಿ ತರ್ಕಶಾಸ್ತ್ರದ ಮೇಷ್ಟ್ರು ಒಂದು ಮಾತನ್ನು ಬೋರ್ಡಿನ ಮೇಲೆ ಬರೆಸುತ್ತಿದ್ದರು: "ಲಕ್ಷಣ ಹೇಳಿದರೆ ಒಳಗಿನದು ಒಂದೂ ಹೊರಗುಳಿಯಬಾರದು, ಹೊರಗಿನದು ಒಂದೂ ಒಳನುಗ್ಗಬಾರದು, ಹೇಳುವವನ ಉಸಿರು ಕಟ್ಟಬಾರದು." ಇಡೀ ಡಿಗ್ರಿಯಲ್ಲಿ ಅವನಿಗೆ ನೆನಪುಳಿದದ್ದು ಇದೊಂದೇ. ಅದು ಉಪಯೋಗಕ್ಕೆ ಬರುವ ದಿನ ಬಂತೆಂದು ಅವನಿಗೆ ಒಳಗೊಳಗೇ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಕುಸುಮನ ಮಗ್ಗ ನಿಲ್ಲುವ ಹೊತ್ತಿನಲ್ಲಿ ಇವನಿಗೆ ಪರೀಕ್ಷೆ ಬರೆಯುವ ಸಂಭ್ರಮ!

ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಗೆರೆ ಎಳೆದು ಕಾಲಂ ಹಾಕಿದ. ನಂಬರು, ನೇಯ್ದವರು, ಮೈಬಣ್ಣ, ಅಂಚಿನ ಅಗಲ, ಬುಟ್ಟಾ ಇದೆಯೋ ಇಲ್ಲವೋ, ಬಂದ ತಾರೀಕು, ಹೋದ ಮಳಿಗೆ. ಒಂಬತ್ತು ಸೀರೆಗೂ ತುಂಬಿದ. ಎರಡು ದಿನ ಅದರ ಮುಂದೆ ಕೂತ. ಹಸಿರು ಸೀರೆಗಳು ಎಂದು ಹಿಡಿದರೆ ಕೆಂಪು ತಪ್ಪಿಸಿಕೊಳ್ಳುತ್ತಿತ್ತು. ಕೆಂಪನ್ನೂ ಸೇರಿಸಿದರೆ ಒಳ್ಳೆಯ ಕೆಂಪು ಸೀರೆಗಳೆಲ್ಲ ಹಿಂದೆಯೇ ಬರುತ್ತಿದ್ದವು. ಅವನ್ನು ಹೊರಗೆ ತಳ್ಳಲು ಇನ್ನೊಂದು 'ಅಲ್ಲದ', ಹೊರಗೆ ಬಿದ್ದವನ್ನು ಒಳಗೆಳೆಯಲು ಇನ್ನೊಂದು 'ಅಥವಾ'. ಬುಧವಾರ ಮಧ್ಯಾಹ್ನ ಅವನ ವಾಕ್ಯ ಸಿದ್ಧವಾಯಿತು. ಹೆಮ್ಮೆಯಿಂದ ಹನೂರು ಮಳಿಗೆಯ ಮಾದೇಶನಿಗೆ ಫೋನ್ ಮಾಡಿ ಓದಿದ.

"ಬರ್ಕೊ ಮಾದೇಶ. ಕುಸುಮ ನೇಯ್ದ ಹಸಿರಲ್ಲದ ಸೀರೆಗಳು, ಅಥವಾ ಯಾರೇ ನೇಯ್ದಿದ್ದರೂ ಫೆಬ್ರವರಿ ನಂತರ ಬಂದ, ದೊಡ್ಡ ಅಂಚಿನ, ಬುಟ್ಟಾ ಇಲ್ಲದ, ಆದರೆ ಕೆಂಪಲ್ಲದ ಸೀರೆಗಳು, ಅಥವಾ ನೂರ ಹದಿನೆಂಟು."

"ಅಣ್ಣೋ," ಎಂದ ಮಾದೇಶ, "ಇದು ಸೀರೆ ಆರ್ಸೋ ಮಾತಾ, ಗಂಡು ನೋಡೋ ಮಾತಾ? ನಮ್ ಮಾವನೂ ನನ್ನ ತಂಗಿಗೆ ಗಂಡು ಬೇಕು ಅಂತ ಇಂಗೇ ಏಳ್ತಾನೆ. ಕಪ್ಪಲ್ಲದ, ಕುಡೀದ, ಅಂತೋನು ಸಿಗದಿದ್ರೆ ಕೌದಳ್ಳಿಯೋನಾದ್ರೂ ಆಯ್ತದ ಅಂತ. ಇವತ್ಗೂ ಗಂಡು ಸಿಕ್ಕಿಲ್ಲ."

"ತಮಾಷೆ ಬ್ಯಾಡ ಕಣೋ."

"ತಮಾಷೆ ಅಲ್ಲ ಕಣಣ್ಣ. ನವುಲ್ ಕತ್ತಿನ ಬಣ್ಣ ಅಸ್ರಾ, ನೀಲಿಯಾ? ಅದ್ನ ಮೊದ್ಲು ಏಳು. ಆ ನೂರ ಅದಿನೆಂಟು ಅಂದ್ರೆ ಯಾನ?"

"ಅದು... ಅದೊಂದು ಸೀರೆ ನಂಬರು."

"ಅದ್ಯಾಕ್ ಅದೊಂದಕ್ಕೇ ಎಸ್ರು ಇಟ್ಟು ಕರೀತಿದ್ದೀಯ?"

ಶಾಂತಮೂರ್ತಿ ಫೋನಿಟ್ಟ. ಮಾದೇಶ ಸರಿಯಾದ ಜಾಗಕ್ಕೇ ಚುಚ್ಚಿದ್ದ. ನೂರ ಹದಿನೆಂಟು ಸಂಘದ ಹಿರಿಯ ನೇಕಾರ ರುದ್ರಸ್ವಾಮಿಯವರು ನೇಯ್ದದ್ದು. ಹಸಿರು ಮೈ, ಸಣ್ಣ ಅಂಚು, ಜನವರಿಯದು, ಯಾವ ಕಾಲಂಗೂ ಬಗ್ಗದೆ ಒಂಟಿಯಾಗಿ ನಿಂತಿತ್ತು. ಲಕ್ಷಣ ಹೇಳಲಾಗದೆ ನಂಬರು ಹೇಳುವುದೆಂದರೆ ಪ್ರಶ್ನೆಗೆ ಉತ್ತರ ಬಾರದೆ ಪ್ರಶ್ನೆಯನ್ನೇ ನಕಲು ಮಾಡಿಟ್ಟ ಹಾಗೆ. ಸಂಜೆ ಕಾಲೇಜಿನಲ್ಲಿ ಅದನ್ನೂ ಮಾಡಿದ್ದವನು ಅವನು. ಯಳಂದೂರು ಮಳಿಗೆಯ ಚನ್ನಾಜಮ್ಮನಿಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ.

ಅಂದು ಸಂಜೆ ಮನೆಗೆ ಹೋದಾಗ ಮಧುಶ್ರೀ ಕಾಫಿ ಕೊಟ್ಟು ಅವನ ಬಾಯನ್ನೇ ನೋಡಿದಳು. "ಮತ್ತೆ ನೇರಳೆಹಣ್ಣು ತಿಂದ್ರಾ? ದಿನಾ ಒಬ್ರೇ ತಿನ್ನೋ ಬದ್ಲು ಮನೆಗೆ ಒಂದ್ ಹಿಡಿ ತರಬಾರ್ದಾ?"

"ನಾನೆಲ್ಲಿ ತಿಂದೆ?" ಎಂದ ಶಾಂತಮೂರ್ತಿ. ತಿಂದಿರಲಿಲ್ಲ ಎಂಬುದು ಗೊತ್ತಿದ್ದರೂ, ತಿಂದು ಮರೆತೆನೇನೋ ಎಂಬ ಅನುಮಾನ ಬಂತು. ಅವರವರ ನಾಲಿಗೆ ಅವರವರಿಗೆ ಕಾಣುವುದಿಲ್ಲವಲ್ಲ.

ಗುರುವಾರ ಹನ್ನೊಂದಕ್ಕೆ ಕುಸುಮ ಬಂದಳು. ಮೂವತ್ತರ ಹೆಂಗಸು, ನೇಯಲು ಶುರುಮಾಡಿ ಎರಡು ವರ್ಷ. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಹೊಸ ಸೀರೆಯನ್ನು ಮೇಜಿನ ಮೇಲಿಟ್ಟು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಸಾ, ನಂಗೆ ಆಸು ಕೊಡಲ್ವಂತೆ. ಯಾನ್ ತಪ್ ಮಾಡೀನಿ?"

"ಇನ್ನೂ ತೀರ್ಮಾನ ಆಗಿಲ್ಲಮ್ಮ. ನಾನು ನೋಡ್ತಾ ಇದ್ದೀನಿ."

"ನೀವು ನೋಡ್ತಾನೇ ಇರ್ತೀರಿ ಸಾ. ನಂದು ಅಂದ್ರೆ ಸಾಕು, ಒಂದ್ ಕಿತ ನೋಡಿ ಮಡಗಿ, ನಾಳೀಕೆ ತಿರ್ಗ ನೋಡ್ತೀರಿ. ರುದ್ರಸ್ವಾಮಪ್ಪೋರ್ದು ಒಂದೇ ಕಿತ."

ಅದು ನಿಜ. ರುದ್ರಸ್ವಾಮಿಯವರ ಸೀರೆಯಲ್ಲಿ ಯಾವಾಗಲೂ ಒಂದೆರಡು ಸಣ್ಣ ತಪ್ಪು ಸಿಗುತ್ತಿದ್ದವು. ಸಿಕ್ಕವನ್ನು ಗುರುತು ಹಾಕಿಕೊಂಡು ಶಾಂತಮೂರ್ತಿ ನೆಮ್ಮದಿಯಿಂದ ಮುಂದಕ್ಕೆ ಹೋಗುತ್ತಿದ್ದ. ಕುಸುಮನ ಸೀರೆಯಲ್ಲಿ ಏನೂ ಸಿಗುತ್ತಿರಲಿಲ್ಲ. ಏನೂ ಸಿಗದಿದ್ದರೆ ತಾನೇ ಸರಿಯಾಗಿ ನೋಡಿಲ್ಲವೆಂದು ಅವನ ಜೀವ ತಲ್ಲಣಿಸುತ್ತಿತ್ತು. ರುದ್ರಸ್ವಾಮಿಯವರನ್ನು ಒಮ್ಮೆಯೂ ಅನುಮಾನಿಸಿಲ್ಲವಲ್ಲ, ಇದು ಪಕ್ಷಪಾತವಾಗುತ್ತದಲ್ಲ ಎಂದು ಹೆದರಿ ಜನವರಿಯಲ್ಲಿ ಅವರದೊಂದನ್ನೂ ಎರಡು ಸಲ ನೋಡಿದ್ದ. ಆದರೆ ಇದನ್ನೆಲ್ಲ ಆಕೆಗೆ ಹೇಳುವುದು ಹೇಗೆ?

ಮಾತು ತಪ್ಪಿಸಲು ಹೊಸ ಸೀರೆ ಬಿಚ್ಚಿದ. ಹಾಲುಬಣ್ಣದ ಸೆರಗು, ಕೆಂಪು ಅಂಚು. ಇಂಚಿಂಚೂ ನೋಡಿದ. ತಪ್ಪಿಲ್ಲ. ಕೈ ತಾನಾಗಿ ಜೇಬಿಗೆ ಹೋಯಿತು, ಪೆನ್ಸಿಲ್ ಹೊರಬಂತು, ತುದಿ ನಾಲಿಗೆಗೆ ತಾಗಿತು, ಚೂರಿನ ಮೇಲೆ ಪ್ರಶ್ನೆ ಚಿಹ್ನೆ ಮೂಡಿತು, ಚೂರು ಸೆರಗಿನ ಮಡಿಕೆ ಸೇರಿತು.

"ನಿಮ್ ನಾಲ್ಗೆ ಯಾಕ್ ಸಾ ಅಂಗಾಗದ?" ಎಂದಳು ಕುಸುಮ. "ಅಲ್ಲ, ಆ ಚೂರಲ್ಲಿ ನನ್ ಬಗ್ಗೆ ಯಾನ್ ಬರ್ದು ಮಡಗ್ತೀರಿ, ಇವತ್ ನೋಡೇ ಬುಡ್ತೀನಿ." ಅವನು ತಡೆಯುವ ಮುನ್ನ ಮಡಿಕೆಗೆ ಕೈಹಾಕಿ ಚೂರನ್ನು ಎಳೆದಳು.

ಹಾಲುಬಣ್ಣದ ಸೆರಗಿನ ಮೇಲೆ, ಇನ್ನೂ ಒದ್ದೆಯಾಗಿ, ಎಡಬಲ ತಿರುಗಿದ ಒಂದು ನೇರಳೆ ಪ್ರಶ್ನೆ ಚಿಹ್ನೆ ಕುಳಿತಿತ್ತು.

ಶಾಂತಮೂರ್ತಿ ಬೆರಳ ನಡುವಿನ ಪೆನ್ಸಿಲನ್ನು ತಿರುಗಿಸಿ ನೋಡಿದ.

ಬಾಲ್ ಪೆನ್ನಿನ ಇಂಕು ರೇಷ್ಮೆಗೆ ತಾಗಿದರೆ ಹೋಗುವುದಿಲ್ಲವೆಂದು, ಎಚ್ಚರ ಇರಲೆಂದು, ಹಿಂದಿನವರು ಬಿಟ್ಟುಹೋದ ಡಬ್ಬಿಯಿಂದ ಅವನು ತಾನೇ ಆರಿಸಿಕೊಂಡ ಕಾಪಿಂಗ್ ಪೆನ್ಸಿಲ್ ಅದು. ಒಣಗಿದ್ದಾಗ ಬೂದುಬಣ್ಣ, ತೇವ ತಾಗಿದರೆ ನೇರಳೆ. ಮಾರನೆಯ ದಿನ ಚೂರು ತೆಗೆಯುವಾಗ ಬಣ್ಣದ ರೇಷ್ಮೆಯ ಮೇಲೆ ಅದರ ಗುರುತು ಕಣ್ಣಿಗೆ ಬೀಳುವಷ್ಟಿರಲಿಲ್ಲ. ಮೇಲಾಗಿ ಎರಡನೆಯ ಸಲ ಅವನ ಕಣ್ಣೆಲ್ಲ ಎಳೆಯ ಮೇಲೆ, ಅಂಚಿನ ಮೇಲೆ. ಆಮೇಲೆ ಮಳೆ ಬಂತು, ಗೋಡೆ ಗೋಡೆ ಬೆವರಿತು, ಅವನ ಪ್ರಶ್ನೆ ಚಿಹ್ನೆಗಳೆಲ್ಲ ಹಿಗ್ಗಿ ಉಗುರಿನಷ್ಟಗಲವಾದವು.

"ಸಾ," ಎಂದಳು ಕುಸುಮ, ಮೆಲ್ಲಗೆ, "ನನ್ ಸೀರೇಲಿ ಅನ್ಮಾನ ಇರ್ನಿಲ್ಲ. ನೀವೇ ಆಕ್ಬುಟ್ರಿ."

ಶಾಂತಮೂರ್ತಿ ಒಂಬತ್ತು ಸೀರೆಗಳ ಚೀಟಿಗಳನ್ನು ಒಂದೊಂದಾಗಿ ತಿರುಗಿಸಿದ. ನೂರ ಹದಿನೆಂಟನ್ನು ಕೊನೆಗೆ ನೋಡಿದ. ಎಲ್ಲದರ ಮೇಲೂ ಎರಡು ರೈಟ್. ಎರಡು ದಿನ ಈ ಚೀಟಿಗಳಿಂದಲೇ ಬಣ್ಣ, ಅಂಚು, ತಾರೀಕು ಎಲ್ಲ ಬರೆದುಕೊಂಡಿದ್ದವನು ರೈಟ್‌ಗಳನ್ನು ಮಾತ್ರ ಬರೆದಿರಲಿಲ್ಲ. ಅವು ಸೀರೆಯ ಗುಣವಲ್ಲ, ತನ್ನ ಕೆಲಸ ಎಂದುಕೊಂಡಿದ್ದ. ಅಷ್ಟು ಕಾಲಂ ಎಳೆದವನು ತನಗೊಂದು ಕಾಲಂ ಎಳೆದುಕೊಂಡಿರಲಿಲ್ಲ.

ಖಾತ್ರಿಯಾಗದೆ ನಂಬುವವನಲ್ಲ ಅವನು. ಕೊಳ್ಳೇಗಾಲದ ಮಳಿಗೆಯಿಂದ ಎರಡು ರೈಟ್ ಇರುವ ಮೂರು ಸೀರೆ, ಒಂದು ರೈಟ್ ಇರುವ ಮೂರು ಸೀರೆ ತರಿಸಿ, ಕಿಟಕಿಯ ಬೆಳಕಿಗೆ ಹಿಡಿದು ಬಿಚ್ಚಿದ. ಮೊದಲ ಮೂರರ ಸೆರಗಿನಲ್ಲೂ ಹುಡುಕಿದರೆ ಕಾಣುವಂಥ ಬೂದು ಮಚ್ಚೆ. ಉಳಿದ ಮೂರು ತೊಳೆದಿಟ್ಟ ಹಾಗಿದ್ದವು. ಒಂದೂ ಹೊರಗುಳಿಯಲಿಲ್ಲ, ಒಂದೂ ಒಳನುಗ್ಗಲಿಲ್ಲ. ಮೇಷ್ಟ್ರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ತಟ್ಟಿ, ಕೆಲಸದಿಂದ ತೆಗೆಸುತ್ತಿದ್ದರು.

ಕುಸುಮ ಬೆಂಚಿನ ಮೇಲೆ ಕೂತೇ ಇದ್ದಳು, ಹೋಗುವ ಲಕ್ಷಣವಿರಲಿಲ್ಲ. ಅವನು ಕಾರ್ಯದರ್ಶಿಗೆ ಒಂದು ಪತ್ರ ಬರೆಯಲು ಕೂತ. ಕಾಲು ಗಂಟೆ ಒದ್ದಾಡಿ ಬರೆದದ್ದನ್ನು ಅವಳು ಕೈಚಾಚಿ ತೆಗೆದುಕೊಂಡು ಗಟ್ಟಿಯಾಗಿ ಓದಿದಳು.

"'ಪರಿಶೀಲನೆಯ ಸಂದರ್ಭದಲ್ಲಿ ಬಳಸಲ್ಪಟ್ಟ ಪೆನ್ಸಿಲಿನಿಂದ ಕೆಲವು ಸೀರೆಗಳ ಮೇಲೆ ಆಕಸ್ಮಿಕವಾಗಿ ಕಲೆಗಳು ಉಂಟಾಗಿರುವುದು ಕಂಡುಬಂದಿರುತ್ತದೆ.'" ತಲೆಯೆತ್ತಿದಳು. "ಚೆಂದಾಗದ ಸಾ. ಇದ್ರಲ್ಲಿ ನೀವ್ ಎಲ್ಲಿದ್ದೀರಿ?"

ಅವನು ವಾಕ್ಯವನ್ನು ಮತ್ತೆ ಓದಿದ. ಎಲ್ಲೂ ಇರಲಿಲ್ಲ. ಪೆನ್ಸಿಲ್ ಇತ್ತು, ಕಲೆ ಇತ್ತು, ಸಂದರ್ಭವಿತ್ತು. ಮನುಷ್ಯನೇ ಇಲ್ಲದ ಕೋಣೆಯಲ್ಲಿ ಪೆನ್ಸಿಲ್ಲೊಂದು ತಾನಾಗಿ ಎದ್ದು ಓಡಾಡಿತ್ತು. ಇಂಥ ವಾಕ್ಯ ಬರೆಯುವುದನ್ನೂ ಸಂಜೆ ಕಾಲೇಜೇ ಕಲಿಸಿತ್ತು.

"ಶಿವಕುಮಾರಸ್ವಾಮಪ್ಪೋರು ಇದ್ನ ಓದುದ್ರೆ 'ಯಾರ್ ಪೆನ್ಸಿಲ್ಲು' ಅಂತ ಕೇಳಲ್ಲ ಸಾ. 'ಕುಸುಮನ ಸೀರೇನೇ ಯಾಕೆ ಐದು' ಅಂತ ಕೇಳ್ತಾರೆ. ಅದ್ಕೆ ಇದ್ರಲ್ಲಿ ಉತ್ರ ಇಲ್ಲ."

ಶಾಂತಮೂರ್ತಿ ಹಾಳೆಯನ್ನು ಹರಿದ. ಇನ್ನೊಂದು ಹಾಳೆಯ ಮೇಲೆ, ಬಾಲ್ ಪೆನ್ನಿನಲ್ಲಿ, ಬರೆದ: "ಕೆಟ್ಟವು ಶಾಂತಮೂರ್ತಿ ಅನುಮಾನಪಟ್ಟ ಸೀರೆಗಳು. ಅವನ ಅನುಮಾನ ಬಿಟ್ಟರೆ ಅವುಗಳಲ್ಲಿ ಬೇರೆ ದೋಷವಿಲ್ಲ." ಬರೆದು ಮುಗಿಸಿದಾಗ ಅವನಿಗೆ ಅಳು ಬರುವಂತಾಯಿತು. ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಅವನು ಜೀವಮಾನದಲ್ಲಿ ಏನನ್ನೂ ಹೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಶಿವಕುಮಾರಸ್ವಾಮಿ ಆ ಹಾಳೆಯನ್ನು ಓದಿ, ಜೊತೆಗಿಟ್ಟಿದ್ದ ಪೆನ್ಸಿಲನ್ನೂ ಹಾಲುಬಣ್ಣದ ಸೆರಗನ್ನೂ ನೋಡಿ, ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಓದಿದರು.

"ನಾಲಿಗೆ ತೋರ್ಸಿ" ಎಂದರು.

ಶಾಂತಮೂರ್ತಿ ಶಾಲೆಯ ಹುಡುಗನಂತೆ ನಾಲಿಗೆ ಚಾಚಿದ.

"ಅಯ್ಯೋ ಶಿವನೇ! ಒಂದ್ ವರ್ಷದಿಂದ ನೋಡ್ತಾ ಇದ್ದೀನಿ ಕಣ್ರಿ. ಪಾಪ, ಏನೋ ಕಾಯಿಲೆ, ಕೇಳಬಾರ್ದು ಅಂತ ಸುಮ್ನಿದ್ದೆ." ನಗು ತಡೆಯಲು ಅವರು ಒಂದೆರಡು ಸಲ ಕೆಮ್ಮಿದರು. ಆಮೇಲೆ ಮುಖ ಗಂಟಿಕ್ಕಿದರು. "ಕಮಿಟಿ ಮುಂದೆ ಇದನ್ನ ಓದಲೇಬೇಕು. ನೋಟೀಸು ಬತ್ತದೆ ನಿಮಗೆ. ಸೀರೆ ವಾಪಸ್ ಕೊಟ್ಟೋರ ಮನೆಗೆಲ್ಲ ನೀವೇ ಹೋಗಿ ಕೈಮುಗಿದು ಬರ್ಬೇಕು, ಹನೂರಿಗೂ, ಯಳಂದೂರಿಗೂ."

"ಆಗಲಿ ಸಾರ್. ಕುಸುಮಂಗೆ ಹಾಸು?"

"ಅವಳ ಮೇಲೆ ಏನ್ ತಪ್ಪದೆ ಈಗ? ಕೊಟ್ಟು ಕಳಿಸಿ. ಆ ಹಾಲುಬಣ್ಣದ್ದೂ ಪಾಸ್ ಅಂತ ಬರ್ಕೊಳಿ. ಪೆನ್ಸಿಲ್ ಡಬ್ಬಿ ಇಲ್ಲಿ ತನ್ನಿ."

ಡಬ್ಬಿ ಒಪ್ಪಿಸಿ ಹೊರಗೆ ಬಂದವನು ಮೂರೂ ಮಳಿಗೆಯ ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿದ: "ಎರಡು ರೈಟ್ ಇರುವ ಸೀರೆಗಳನ್ನು ವಾಪಸ್ ಕಳಿಸಿ." ನಿಮಿಷದೊಳಗೆ ಮಾದೇಶನ ಫೋನು.

"ಅಣ್ಣೋ, ಯಾನಣ್ಣ ಇದು! ಎಲ್ಡ್ ರೈಟ್ ಇರದು ಫಸ್ಟ್ ಕ್ವಾಲಿಟಿ ಅಂತ ಏಳಿ ಮಾರ್ತಿದ್ದೀನಲ್ಲ ನಾನು! 'ಅವ್ವ, ಇದು ನಮ್ ಶಾಂತಮೂರ್ತಣ್ಣ ಎಲ್ಡ್ ಕಿತ ನೋಡಿರೋದು' ಅಂತ. ಅದ್ಕೇ ಅವೇ ಮೊದ್ಲು ಓಗದು."

ಶಾಂತಮೂರ್ತಿ ಕಣ್ಣು ಮುಚ್ಚಿಕೊಂಡ. ಕೆಡಿಸಿದ್ದೂ ಅವನೇ, ಶಿಫಾರಸು ಮಾಡಿದ್ದೂ ಅವನ ಹೆಸರೇ.

"ಇನ್ನೊಂದ್ ಮಾತು," ಮಾದೇಶ ಬಿಡಲಿಲ್ಲ. "ಇಲ್ಲೊಂದಕ್ಕೆ ಮೂರು ರೈಟ್ ಅವೆ. ಇದು ಎಲ್ಡರಲ್ಲಿ ಸೇರ್ತದಾ, ಇಲ್ವಾ?"

ಹಾಸಿನ ಸುರುಳಿಯನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ ಕುಸುಮ ಕೈ ನಿಲ್ಲಿಸಿದಳು. ಸ್ಪೀಕರ್ ಹಾಕಿದ್ದರಿಂದ ಎಲ್ಲ ಅವಳಿಗೂ ಕೇಳುತ್ತಿತ್ತು.

"ಯಾರು ನೇಯ್ದದ್ದು ಅಂತದೆ ನೋಡೋ" ಎಂದ ಶಾಂತಮೂರ್ತಿ. ಅವನಿಗೆ ಗೊತ್ತಿತ್ತು. ಮಾವಿನಹಣ್ಣಿನ ಬಣ್ಣದ್ದು, ಮಾರ್ಚ್ ತಿಂಗಳದು. ಆ ಸೀರೆಯ ದೆಸೆಯಿಂದ ಒಂದು ಭಾನುವಾರ ಕಚೇರಿಯ ಬೀಗದ ಕೈ ಇಸಿದುಕೊಂಡು ಬಂದಿದ್ದ.

"ಕುಸುಮ, ಮಧುವನಳ್ಳಿ."

ಕುಸುಮ ಚೀಲ ಕೆಳಗಿಟ್ಟಳು. "ಮೂರ್ ಕಿತ ನೋಡುದ್ರೂ ಒಂದೂ ಸಿಕ್ನಿಲ್ವ ಸಾ?"

"ಇಲ್ಲಮ್ಮ" ಎಂದ. "ಒಂದೂ ಸಿಗಲಿಲ್ಲ. ಯಾವತ್ತೂ ಸಿಕ್ಕಿಲ್ಲ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಗೋಡೆಯ ಕಡೆ ನೋಡಿದಳು.

"ಅಣ್ಣೋ, ಇದೀಯಾ?" ಫೋನು ಕೂಗಿತು. "ಮೂರ್ದು ಯಾನ್ ಮಾಡ್ಲಿ?"

"ಇರು, ಮೆಸೇಜ್ ಸರಿ ಮಾಡ್ತೀನಿ. ಎರಡು ಅಥವಾ ಅದಕ್ಕಿಂತ..."

"'ಅಥವಾ' ತಿರ್ಗ ಬಂತಲ್ಲಣ್ಣ!"

ಶಾಂತಮೂರ್ತಿ ನಿಂತು ಯೋಚಿಸಿದ. ಆಮೇಲೆ ಒಂದೊಂದೇ ಅಕ್ಷರ ಒತ್ತಿದ: "ಒಂದಕ್ಕಿಂತ ಹೆಚ್ಚು ರೈಟ್ ಇರುವ ಸೀರೆಗಳನ್ನು ವಾಪಸ್ ಕಳಿಸಿ." ಓದಿದ. ಸರಿಯಿತ್ತು. 'ಹೆಚ್ಚು' ಎಂಬುದರ ಒತ್ತಕ್ಷರ ನೋಡಿದ. ಸರಿಯಿತ್ತು. ಮೊದಲಿನಿಂದ ಇನ್ನೊಮ್ಮೆ ಓದೋಣವೆಂದು ಬೆರಳನ್ನು ಹಿಂದಕ್ಕೆಳೆದುಕೊಂಡ.

"ಕಳ್ಸಿ ಸಾ" ಎಂದಳು ಕುಸುಮ.

ಕಳಿಸಿದ. ಸಂದೇಶ ಹೋಯಿತು. ಅದರ ಮೂಲೆಯಲ್ಲಿ ಮೊದಲು ಒಂದು ರೈಟ್ ಬಂತು. ಅವನು ನೋಡುತ್ತಿದ್ದ ಹಾಗೆಯೇ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತು.